ಜೀವನಾಂಶ ಎಷ್ಟು ಬರುತ್ತದೆ? ಕೋರ್ಟ್ ಆ ಲೆಕ್ಕಕ್ಕೆ ಬರುವ ದಾರಿ

ಮೂರು ವರ್ಷದ ಹಿಂದೆ ನನ್ನ ಚಿಕ್ಕಮ್ಮನ ಮಗಳ ಜೊತೆ ಕೂತು, ಅವಳ ಜೀವನಾಂಶದ ಕೇಸಿಗೆ ಒಂದು ಅಫಿಡವಿಟ್, ಅಂದರೆ ಪ್ರಮಾಣಪತ್ರ, ತುಂಬಿಸಿದ್ದೆ. ಊಟದ ಮೇಜಿನ ಮೇಲೆ ಹಳೇ ಬಿಸ್ಕತ್ ಡಬ್ಬಿ. ಅದರ ತುಂಬಾ ಚೀಟಿಗಳು. ಶಾಲೆಯ ಫೀ ರಸೀದಿ, ಸ್ಕೂಲ್ ವ್ಯಾನಿನವರಿಗೆ ದುಡ್ಡು ಕಳಿಸಿದ ಸ್ಕ್ರೀನ್‌ಶಾಟಿನ ಪ್ರಿಂಟ್, ಮಗುವಿನ ಇನ್‌ಹೇಲರ್ ಬಿಲ್, ಗ್ಯಾಸ್ ಸಿಲಿಂಡರಿನ ಚೀಟಿ. "ಹಾಲಿಗೆ ತಿಂಗಳಿಗೆ ಎಷ್ಟಾಗತ್ತೆ?" ಅಂತ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, "ಇದನ್ನೆಲ್ಲ ಜಡ್ಜ್ ಓದ್ತಾರಾ ಅಕ್ಕಾ?" ಅಂದಳು.

ಓದುತ್ತಾರೆ. ಜೀವನಾಂಶದ ಮೊತ್ತ ಹುಟ್ಟುವುದೇ ಇಂಥ ಚೀಟಿಗಳಿಂದ. ಯಾರು ಜಾಸ್ತಿ ಅತ್ತರು, ಯಾರ ತಪ್ಪು ಎಷ್ಟು ಅನ್ನುವುದರಿಂದ ಅಲ್ಲ. ಇದು ಮೊದಲೇ ಗೊತ್ತಿದ್ದರೆ ಎಷ್ಟೋ ಜನರ ಒಂದೆರಡು ವರ್ಷ ಉಳಿಯುತ್ತಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾಲು ಭಾಗ ಅಂತೆ, ಹೌದಾ?

ಜೀವನಾಂಶ ಅಂದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ. ಗಂಡನ ಸಂಬಳದಲ್ಲಿ ಕಾಲು ಭಾಗ ಹೆಂಡತಿಗೆ ಅಂತ ಕಾನೂನಿದೆಯಂತೆ, ಹೌದಾ? ಇಲ್ಲ. ನಮ್ಮ ಯಾವ ಕಾಯ್ದೆಯಲ್ಲೂ ಹಾಗೆ ಬರೆದಿಲ್ಲ. ಅಮೆರಿಕದ ರಾಜ್ಯಗಳಲ್ಲಿ ಮಕ್ಕಳ ಖರ್ಚಿಗೆ ಲೆಕ್ಕದ ಸೂತ್ರಗಳಿವೆ, ಅಲ್ಲಿರುವ ಕನ್ನಡಿಗರಿಗೆ ಇದು ಗೊತ್ತು. ಇಲ್ಲಿ ಅಂಥ ಸೂತ್ರ ಇಲ್ಲ. ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು.

ಹಾಗಾದರೆ ಈ ಕಾಲು ಭಾಗ ಬಂದದ್ದು ಎಲ್ಲಿಂದ? 1970ರ ಒಂದು ಸುಪ್ರೀಂ ಕೋರ್ಟ್ ತೀರ್ಪಿನಿಂದ. 2017ರಲ್ಲಿ ಇನ್ನೊಂದು ತೀರ್ಪು ಅದನ್ನು ನೆನೆಸಿಕೊಂಡು, ಕೈಗೆ ಬರುವ ಸಂಬಳದ ಶೇ. 25 ನ್ಯಾಯವಾದ ಮೊತ್ತ ಎಂದಿತು. ಪತ್ರಿಕೆಗಳಲ್ಲಿ ಅಷ್ಟೇ ಬಂತು. ಆದರೆ ಅದೇ ತೀರ್ಪನ್ನು ಕೊನೆಯವರೆಗೆ ಓದಿ. ಆ ಗಂಡನ ಕೈಗೆ ಬರುತ್ತಿದ್ದದ್ದು ತಿಂಗಳಿಗೆ ಸುಮಾರು 95 ಸಾವಿರ. ಹೈಕೋರ್ಟ್ 23,000 ರೂಪಾಯಿ ಕೊಡಿಸಿತ್ತು. ಸುಪ್ರೀಂ ಕೋರ್ಟ್ ಅದನ್ನು 20,000ಕ್ಕೆ ಇಳಿಸಿತು. ಏಕೆಂದರೆ ಆತ ಮತ್ತೆ ಮದುವೆಯಾಗಿದ್ದ, ಆ ಸಂಸಾರದಲ್ಲೂ ಒಂದು ಮಗುವಿತ್ತು. ಕಾಲು ಭಾಗ ಎಂದ ತೀರ್ಪೇ ಕಾಲು ಭಾಗಕ್ಕಿಂತ ಕಡಿಮೆ ಕೊಡಿಸಿತು. ಹಾಗಾಗಿ ಅದನ್ನು ಒಂದು ಅಂದಾಜು ಅಂತ ಇಟ್ಟುಕೊಳ್ಳಿ, ಹಕ್ಕು ಅಂತ ಅಲ್ಲ.

ಯಾವ ಬಾಗಿಲು ತಟ್ಟಬೇಕು

ಒಂದೇ ಕಾಯ್ದೆ ಇದ್ದಿದ್ದರೆ ಸುಲಭ ಇತ್ತು. ನಾಲ್ಕೈದು ಇವೆ. ಎಲ್ಲ ಧರ್ಮದವರಿಗೂ ತೆರೆದಿರುವುದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿದೆ. ವಕೀಲರ ಬಾಯಲ್ಲಿ ಇನ್ನೂ "ಒನ್ ಟ್ವೆಂಟಿಫೈವ್" ಎಂದೇ ಇದೆ, ನಾನೂ ಇಲ್ಲಿ 125 ಎಂದೇ ಬರೆಯುತ್ತೇನೆ. ಹೆಂಡತಿ, ಮಕ್ಕಳು, ವಯಸ್ಸಾದ ತಂದೆ-ತಾಯಿ ಇದರಡಿ ಅರ್ಜಿ ಹಾಕಬಹುದು. ಡೈವೋರ್ಸ್ ಆಗಿ ಮರುಮದುವೆ ಆಗದ ಹೆಣ್ಣನ್ನೂ ಈ ಸೆಕ್ಷನ್ "ಹೆಂಡತಿ" ಎಂದೇ ಲೆಕ್ಕ ಹಾಕುತ್ತದೆ. ಇದನ್ನು ಗಟ್ಟಿಯಾಗಿ ಹೇಳಬೇಕು. ಡೈವೋರ್ಸ್ ಆದ ಮೇಲೆ ಏನೂ ಕೇಳುವಂತಿಲ್ಲ ಅಂತ ನಂಬಿಕೊಂಡು ಕೂತ ಹೆಂಗಸರು ಇವತ್ತಿಗೂ ಇದ್ದಾರೆ.

ಹಿಂದೂ ವಿವಾಹ ಕಾಯ್ದೆ, 1955ರಲ್ಲಿ ಮೂರು ಸೆಕ್ಷನ್ ಮುಖ್ಯ. ಕೇಸು ನಡೆಯುವಾಗಿನ ಮಧ್ಯಂತರ ಜೀವನಾಂಶಕ್ಕೆ 24, ತೀರ್ಪಿನ ನಂತರದ ಶಾಶ್ವತ ಜೀವನಾಂಶಕ್ಕೆ 25, ಮಕ್ಕಳಿಗೆ 26. ಇಲ್ಲಿ 24 ಮತ್ತು 25ರಲ್ಲಿ ಗಂಡನೂ ಕೇಳಬಹುದು, ಕಾಯ್ದೆ ಹೆಂಡತಿ ಎಂದಷ್ಟೇ ಹೇಳುವುದಿಲ್ಲ. ವಿಶೇಷ ವಿವಾಹ ಕಾಯ್ದೆಯಲ್ಲಿ, ಅಂದರೆ ರಿಜಿಸ್ಟರ್ ಮದುವೆಯವರಿಗೆ, ಹೆಂಡತಿಗೆ ಮಾತ್ರ. ಕೌಟುಂಬಿಕ ಹಿಂಸೆ ತಡೆ ಕಾಯ್ದೆ, 2005ರಲ್ಲೂ ತಿಂಗಳ ಖರ್ಚು ಕೇಳಬಹುದು, ಜೊತೆಗೆ ವಾಸಕ್ಕೆ ಮನೆಯನ್ನೂ ಕೇಳಬಹುದು.

ಮುಸ್ಲಿಂ ಮಹಿಳೆಯರ ವಿಷಯದಲ್ಲಿ ಬಹಳ ವರ್ಷ ಗೊಂದಲ ಇತ್ತು. ಗಂಡ ತಲಾಖ್ ಕೊಟ್ಟಿದ್ದ ಶಾಬಾನು ಎಂಬ ಮಹಿಳೆಯ ಪ್ರಕರಣದಲ್ಲಿ ಕೆಳಗಿನ ಕೋರ್ಟ್ ಕೊಡಿಸಿದ್ದು ತಿಂಗಳಿಗೆ 25 ರೂಪಾಯಿ. ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. 1985ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮರುವರ್ಷ ವಿಚ್ಛೇದಿತ ಮುಸ್ಲಿಂ ಮಹಿಳೆಯರಿಗೆಂದೇ ಬೇರೆ ಕಾಯ್ದೆ ಬಂತು, ಅವರಿಗೆ 125 ಇನ್ನೂ ಅನ್ವಯಿಸುತ್ತದಾ ಅನ್ನುವ ಪ್ರಶ್ನೆ ಎದ್ದಿತು. 2024ರ ಜುಲೈ 10ರಂದು ನಮ್ಮವರೇ ಆದ ನ್ಯಾ. ಬಿ.ವಿ. ನಾಗರತ್ನ ಮತ್ತು ನ್ಯಾ. ಅಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠ ಸ್ಪಷ್ಟವಾಗಿ ಹೇಳಿತು: ವಿಚ್ಛೇದಿತ ಮುಸ್ಲಿಂ ಮಹಿಳೆಗೂ 125ರ ಬಾಗಿಲು ತೆರೆದೇ ಇದೆ.

ಎರಡು ಕಡೆ ಅರ್ಜಿ ಹಾಕಬಹುದಾ ಅಂತ ಕೇಳುತ್ತಾರೆ. ಹಾಕಬಹುದು. ಆದರೆ ಮೊದಲ ಕೇಸಿನ ಆದೇಶವನ್ನು ಎರಡನೆಯದರಲ್ಲಿ ಮುಚ್ಚಿಡುವಂತಿಲ್ಲ. ಅಲ್ಲಿ ಬರುತ್ತಿರುವ ದುಡ್ಡನ್ನು ಇಲ್ಲಿ ಕಳೆದು ಅಥವಾ ಹೊಂದಿಸಿ ಕೊಡುತ್ತಾರೆ.

ಅಫಿಡವಿಟ್‌ನಲ್ಲೇ ಅರ್ಧ ಕೇಸು

2020ರ ನವೆಂಬರ್ 4ರವರೆಗೆ ಜೀವನಾಂಶದ ಕೇಸು ಅಂದರೆ ಕತ್ತಲಲ್ಲಿ ತಡಕಾಟ. ಅವಳು ಅವನ ಆದಾಯವನ್ನು ಹಿಗ್ಗಿಸಿ ಹೇಳುವುದು, ಅವನು ಕುಗ್ಗಿಸಿ ಹೇಳುವುದು, ನ್ಯಾಯಾಧೀಶರು ನಡುವೆ ಒಂದು ಅಂಕಿ ಊಹಿಸುವುದು. ಆ ದಿನ ಸುಪ್ರೀಂ ಕೋರ್ಟ್ ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ದೇಶದ ಎಲ್ಲ ಕೋರ್ಟ್‌ಗಳಿಗೂ ಒಂದು ಕ್ರಮ ಹಾಕಿಕೊಟ್ಟಿತು. ನ್ಯಾ. ಇಂದು ಮಲ್ಹೋತ್ರಾ ಮತ್ತು ನ್ಯಾ. ಆರ್. ಸುಭಾಷ್ ರೆಡ್ಡಿ ಅವರ ಪೀಠ. ಈಗ ಇಬ್ಬರೂ ಆಸ್ತಿ, ಆದಾಯ, ಸಾಲ, ಖರ್ಚುಗಳ ಪೂರ್ತಿ ವಿವರವನ್ನು ಪ್ರಮಾಣ ಮಾಡಿ ಬರೆದುಕೊಡಬೇಕು. ಅವಳು ಅರ್ಜಿಯ ಜೊತೆಗೆ, ಅವನು ಉತ್ತರದ ಜೊತೆಗೆ, ಅದೂ ನಾಲ್ಕು ವಾರದ ಒಳಗೆ. ಬೇಕೆಂದೇ ಎಳೆದಾಡಿದರೆ ಅವನ ವಾದವನ್ನೇ ಕೋರ್ಟ್ ತೆಗೆದುಹಾಕಬಹುದು. ಸುಳ್ಳು ಬರೆದರೆ ಪ್ರಮಾಣ ಮಾಡಿ ಸುಳ್ಳು ಹೇಳಿದ ಅಪರಾಧ.

ಈ ತೀರ್ಪಿನಲ್ಲಿ ನನಗೆ ತುಂಬಾ ಇಷ್ಟವಾದದ್ದು, ಊರಿನವರಿಗೇ ಬೇರೆ ನಮೂನೆ ಮಾಡಿದ್ದು. ಸಂಬಳ, ವ್ಯಾಪಾರದವರಿಗೆ ಒಂದು, ಬೇಸಾಯದವರಿಗೆ ಒಂದು. ಬೇಸಾಯದ ನಮೂನೆಯಲ್ಲಿ ಜಮೀನು ಎಷ್ಟು, ನೀರಾವರಿಯೋ ಖುಷ್ಕಿಯೋ, ಏನು ಬೆಳೆ, ಹಸು-ಎಮ್ಮೆ-ಆಡು ಎಷ್ಟು ಅಂತ ಕೇಳುತ್ತಾರೆ. ನಮ್ಮ ಕಡೆ "ಅವನಿಗೆ ಸಂಬಳ ಇಲ್ಲ, ಜಮೀನು ನೋಡ್ಕೊಂಡಿದಾನೆ" ಅಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಈಗ ಪಹಣಿ ತೆಗೆಸಿ ಇಟ್ಟರೆ ಮಾತು ಅಲ್ಲಿಂದ ಶುರುವಾಗುತ್ತದೆ. ನಾಲ್ಕು ಎಕರೆ ಅಡಿಕೆ ತೋಟಕ್ಕೂ ನಾಲ್ಕು ಎಕರೆ ಮಳೆ ನಂಬಿದ ರಾಗಿ ಹೊಲಕ್ಕೂ ಇರುವ ಅಂತರ ಕಾಗದದ ಮೇಲೇ ಕಾಣುತ್ತದೆ.

ನಮ್ಮ ಹುಡುಗಿಯ, ಅಂದರೆ ಆ ಚಿಕ್ಕಮ್ಮನ ಮಗಳ, ಕೇಸಿನಲ್ಲಿ ಮೊದಲ ಅರ್ಜಿ ಬರೆದ ವಕೀಲರು "ಎದುರುದಾರರಿಗೆ ತಿಂಗಳಿಗೆ 3 ಲಕ್ಷ ಆದಾಯವಿದೆ" ಅಂತ ಸುಮ್ನೆ ಒಂದು ಅಂಕಿ ಹಾಕಿಬಿಟ್ಟಿದ್ದರು. ಆಧಾರ ಏನು ಅಂತ ಆ ಕಡೆಯವರು ಕೇಳಿದಾಗ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಒಂದು ಅಂಕಿ ಸುಳ್ಳಾದರೆ ಉಳಿದ ನಿಜಗಳ ಮೇಲೂ ಅನುಮಾನ ಬೀಳುತ್ತದೆ. ಆಮೇಲೆ ವಕೀಲರನ್ನು ಬದಲಾಯಿಸಿ, ಆ ಬಿಸ್ಕತ್ ಡಬ್ಬಿ ತೆಗೆದು ಕೂತೆವು.

ಹಾಲು 1,800. ವ್ಯಾನು 2,200. ಇನ್‌ಹೇಲರ್ ಮತ್ತು ಡಾಕ್ಟರು ಸೇರಿ 1,500. ಹೀಗೆ ಒಂದೊಂದೇ ಸಾಲು. ಕೊನೆಗೆ ಕೂಡಿಸಿದಾಗ ಅವಳೇ ಬೆರಗಾದಳು. ತಾನು ಬಾಯಲ್ಲಿ ಹೇಳುತ್ತಿದ್ದದ್ದಕ್ಕಿಂತ ಖರ್ಚು ಜಾಸ್ತಿಯೇ ಇತ್ತು. ಹೆಂಗಸರು ಮನೆ ಖರ್ಚನ್ನು ಕಡಿಮೆ ಮಾಡಿಯೇ ಹೇಳುತ್ತಾರೆ, ಅಭ್ಯಾಸ. ಅಫಿಡವಿಟ್‌ನಲ್ಲಿ ಅದು ಬೇಡ. ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಆದಾಯ ಅಂದರೆ ಯಾವುದು

ಸಂಬಳದ ಚೀಟಿಯಲ್ಲಿ ಮೇಲೆ ಒಂದು ಅಂಕಿ, ಕೆಳಗೆ ಒಂದು ಅಂಕಿ ಇರುತ್ತದೆ. ಕೋರ್ಟ್ ಹಿಡಿಯುವುದು ಇವೆರಡರ ನಡುವಿನದ್ದು. ಆದಾಯ ತೆರಿಗೆ, ಪಿಎಫ್, ವೃತ್ತಿ ತೆರಿಗೆಯಂಥ ಕಡ್ಡಾಯ ಕಡಿತಗಳನ್ನು ಕಳೆಯುತ್ತಾರೆ. ಆದರೆ ತಾನಾಗಿ ಮಾಡಿಕೊಂಡ ಕಾರು ಸಾಲದ ಕಂತು, ದೊಡ್ಡ ಉಳಿತಾಯದ ಕಂತು ಇವನ್ನು ಸಾಮಾನ್ಯವಾಗಿ ಕಳೆಯುವುದಿಲ್ಲ. ಕೇಸು ಬಿದ್ದ ಮೇಲೆ ಹುಟ್ಟಿದ ಸಾಲಗಳನ್ನಂತೂ ಕೋರ್ಟ್ ಅನುಮಾನದಿಂದಲೇ ನೋಡುತ್ತದೆ.

ಸ್ವಂತ ವ್ಯಾಪಾರದವರ ಆದಾಯ ಹಿಡಿಯುವುದು ಕಷ್ಟ. ತೆರಿಗೆ ರಿಟರ್ನಿನಲ್ಲಿ ವರ್ಷಕ್ಕೆ ನಾಲ್ಕು ಲಕ್ಷ, ಬದುಕಿನಲ್ಲಿ ದೊಡ್ಡ ಕಾರು ಮತ್ತು ವರ್ಷಕ್ಕೊಂದು ವಿದೇಶ ಪ್ರವಾಸ. ಆಗ ಕೋರ್ಟ್ ಬದುಕನ್ನು ನೋಡುತ್ತದೆ. ಬ್ಯಾಂಕ್ ಖಾತೆ, ಕ್ರೆಡಿಟ್ ಕಾರ್ಡ್, ವಿಮೆಯ ಕಂತು, ಮಗುವನ್ನು ಯಾವ ಶಾಲೆಗೆ ಹಾಕಿದ್ದರು ಅನ್ನುವುದು. ತನ್ನ ಆದಾಯ ತನಗೇ ಚೆನ್ನಾಗಿ ಗೊತ್ತು ಅನ್ನುವಾಗ, ಕಾಗದ ಮುಚ್ಚಿಟ್ಟವನ ವಿರುದ್ಧವೇ ಕೋರ್ಟ್ ಊಹೆ ಮಾಡಬಹುದು.

"ಕೆಲಸ ಬಿಟ್ಟೆ, ಈಗ ದುಡಿಮೆ ಇಲ್ಲ" ಅನ್ನುವ ಮಾತೂ ನಡೆಯುವುದಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನೇರವಾಗಿದೆ: ಕೈಕಾಲು ಗಟ್ಟಿಯಿರುವ ಗಂಡ ಕೂಲಿ ಮಾಡಿಯಾದರೂ ಹೆಂಡತಿ ಮತ್ತು ಅಪ್ರಾಪ್ತ ಮಕ್ಕಳನ್ನು ಸಾಕಬೇಕು.

ಹೆಂಡತಿ ಓದಿದವಳಾದರೆ? ಬಿ.ಇ. ಮಾಡಿದ್ದಾಳೆ, ದುಡಿಯಬಹುದು ಎಂಬ ವಾದ ಬೆಂಗಳೂರಿನ ಪ್ರತಿ ಎರಡನೇ ಕೇಸಿನಲ್ಲೂ ಬರುವಂಥದ್ದು. ದುಡಿಯುವ ಶಕ್ತಿ ಇರುವುದು ಬೇರೆ, ನಿಜವಾಗಿ ದುಡಿಯುತ್ತಿರುವುದು ಬೇರೆ ಅಂತ 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮಗು ಹುಟ್ಟಿ ಎಂಟು ವರ್ಷ ಮನೆಯಲ್ಲಿದ್ದವಳಿಗೆ ನಾಳೆಯೇ ಯಾರು ಕೆಲಸ ಕೊಡುತ್ತಾರೆ? ಆ ವರ್ಷಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು 2020ರ ತೀರ್ಪು ಹೇಳುತ್ತದೆ. ಇನ್ನು, ನಿಜವಾಗಿಯೇ ದುಡಿಯುತ್ತಿದ್ದರೂ ಅರ್ಜಿ ತಾನಾಗಿ ಬಿದ್ದುಹೋಗುವುದಿಲ್ಲ. ಅವಳ ಗಳಿಕೆಯಲ್ಲಿ ಹಿಂದಿನ ಮಟ್ಟದ ಬದುಕು ಸಾಧ್ಯವಾ ಅಂತ ನೋಡುತ್ತಾರೆ. ಚೆನ್ನಾಗಿ ಸಂಪಾದಿಸುವವಳಿಗೆ ತನ್ನ ಪಾಲಿಗೆ ಏನೂ ಸಿಗದೆ, ಮಗುವಿಗೆ ಮಾತ್ರ ಸಿಗಬಹುದು.

ಅಗತ್ಯಕ್ಕೂ ಒಂದು ಮಿತಿ ಇದೆ. 2024ರ ಆಗಸ್ಟ್‌ನಲ್ಲಿ ನಮ್ಮ ಹೈಕೋರ್ಟ್ ಮುಂದೆ ತಿಂಗಳಿಗೆ 6,16,300 ರೂಪಾಯಿ ಕೇಳಿದ ಅರ್ಜಿ ಬಂದಿತ್ತು. ನ್ಯಾ. ಲಲಿತಾ ಕನ್ನೆಗಂಟಿ ಅವರು ಅಷ್ಟು ಖರ್ಚು ಮಾಡಬೇಕಿದ್ದರೆ ಆಕೆಯೇ ದುಡಿಯಲಿ ಎಂದ ವಿಡಿಯೊ ಎಲ್ಲರ ಫೋನಿಗೂ ಬಂತು. ಅದನ್ನು ನೋಡಿ, ಕೇಳಿದರೆ ಬೈಯುತ್ತಾರೇನೋ ಅಂತ ಹೆದರಿದವರಿದ್ದಾರೆ. ಹೆದರಬೇಡಿ. ಅಲ್ಲಿ ಕೋರ್ಟ್ ಕೇಳಿದ್ದು ನಿಜವಾದ ಖರ್ಚಿನ ಅಂಕಿಗಳನ್ನು.

ಪಾಲು ಹಾಕುವ ಒಂದು ಬಗೆ

ಅಂಕಿಗಳೆಲ್ಲ ಮೇಜಿನ ಮೇಲೆ ಬಂದ ಮೇಲೆ ಪಾಲು ಹೇಗೆ? ಒಂದು ಬಗೆಯನ್ನು 2004ರಲ್ಲಿ ದೆಹಲಿ ಹೈಕೋರ್ಟ್‌ನಲ್ಲಿ ನ್ಯಾ. ವಿಕ್ರಮಜಿತ್ ಸೇನ್ ತೋರಿಸಿಕೊಟ್ಟರು. ಇವರೇ ಮುಂದೆ ಕರ್ನಾಟಕ ಹೈಕೋರ್ಟ್‌ನ ಮುಖ್ಯ ನ್ಯಾಯಮೂರ್ತಿಗಳಾದವರು. ಸಂಸಾರದ ಆದಾಯವನ್ನು ಒಟ್ಟಿಗೆ ಇಡಿ. ದುಡಿಯುವವನಿಗೆ ಎರಡು ಪಾಲು, ಏಕೆಂದರೆ ದುಡಿಯಲು ಹೋಗುವುದಕ್ಕೂ ಖರ್ಚಿದೆ. ಉಳಿದ ಒಬ್ಬೊಬ್ಬರಿಗೂ ಒಂದೊಂದು ಪಾಲು.

ಒಂದು ಉದಾಹರಣೆ ಹಾಕೋಣ. ತುಮಕೂರಿನ ಒಬ್ಬರಿಗೆ ಕಡ್ಡಾಯ ಕಡಿತ ಕಳೆದು ತಿಂಗಳಿಗೆ 80,000 ಬರುತ್ತದೆ. ಹೆಂಡತಿಗೆ ಗಳಿಕೆ ಇಲ್ಲ. ಒಂದು ಮಗು. ಗಂಡನಿಗೆ ಎರಡು, ಹೆಂಡತಿಗೆ ಒಂದು, ಮಗುವಿಗೆ ಒಂದು, ಒಟ್ಟು ನಾಲ್ಕು ಪಾಲು. ಪಾಲಿಗೆ 20,000. ಅಂದರೆ ಹೆಂಡತಿ-ಮಗುವಿಗೆ ಸೇರಿ 40,000. ಗಂಡನ ಜೊತೆ ಅವರ ವಯಸ್ಸಾದ ತಾಯಿಯೂ ಇದ್ದು, ಅವರಿಗೆ ಬೇರೆ ಆಸರೆ ಇಲ್ಲ ಅಂದರೆ ಐದು ಪಾಲು. ಪಾಲು 16,000ಕ್ಕೆ ಇಳಿಯುತ್ತದೆ, ಹೆಂಡತಿ-ಮಗುವಿಗೆ 32,000. ಅವಳಿರುವ ಮನೆ ಬಾಡಿಗೆಯದ್ದೋ ತವರಿನದ್ದೋ, ಮಗುವಿಗೆ ಕಾಯಿಲೆ ಇದೆಯೋ ಅನ್ನುವುದರ ಮೇಲೆ ಈ ಅಂಕಿ ಮತ್ತೆ ಮೇಲೆ ಕೆಳಗೆ ಆಗುತ್ತದೆ. ಎಲ್ಲ ನ್ಯಾಯಾಧೀಶರೂ ಹೀಗೇ ಪಾಲು ಹಾಕಬೇಕೆಂದಿಲ್ಲ. ಆದರೆ ಮನೆಯಲ್ಲಿ ಕೂತು ಅಂದಾಜು ಮಾಡಿಕೊಳ್ಳಲು ಇದಕ್ಕಿಂತ ನೇರವಾದ ದಾರಿ ನನಗೆ ಕಂಡಿಲ್ಲ.

ಮಗುವಿನ ಪಾಲು ಮಗುವಿನದ್ದೇ

ಇಲ್ಲಿ ಸ್ವಲ್ಪ ನಿಲ್ಲಬೇಕು. ಗಂಡ-ಹೆಂಡತಿ ಜಗಳದಲ್ಲಿ ಮಗುವಿನ ಜೀವನಾಂಶವನ್ನು ಹೆಂಡತಿಯ ಜೀವನಾಂಶಕ್ಕೆ ಅಂಟಿದ ಬಾಲದಂತೆ ನೋಡುತ್ತಾರೆ. ಕಾನೂನು ಹಾಗೆ ನೋಡುವುದಿಲ್ಲ. ತಾಯಿಗೆ ಜೀವನಾಂಶ ಸಿಗದಿದ್ದರೂ ಮಗುವಿಗೆ ಸಿಗುತ್ತದೆ. ಅಪ್ಪ-ಅಮ್ಮನ ಮದುವೆಯೇ ಊರ್ಜಿತವಲ್ಲ ಎಂದಾದರೂ ಮಗುವಿಗೆ ಸಿಗುತ್ತದೆ. "ನನಗೇನೂ ಬೇಡ, ಬಿಡುಗಡೆ ಕೊಟ್ಟರೆ ಸಾಕು" ಅಂತ ಸಹಿ ಹಾಕುವ ತಾಯಂದಿರಿದ್ದಾರೆ. ಅವರ ನೋವು ಅರ್ಥವಾಗುತ್ತದೆ. ಆದರೆ ಮಗುವಿನ ಹಕ್ಕನ್ನು ತಾಯಿ ಬಿಟ್ಟುಕೊಡಲು ಆಗುವುದಿಲ್ಲ. ಅದು ಅವಳದ್ದಲ್ಲ.

ಮಗುವಿನ ಖರ್ಚು ಅಂದರೆ ಊಟ, ಬಟ್ಟೆ, ವಾಸ, ಔಷಧಿ, ಶಿಕ್ಷಣ. ಟ್ಯೂಷನ್ನು, ಸಂಗೀತವೋ ಕ್ರೀಡೆಯೋ ಇದ್ದರೆ ಅದೂ ಸೇರುತ್ತದೆ, ಹದ್ದು ಮೀರದಂತೆ. ಓದಿನ ಖರ್ಚು ಸಾಮಾನ್ಯವಾಗಿ ತಂದೆಯದ್ದು. ತಾಯಿಯೂ ಚೆನ್ನಾಗಿ ದುಡಿಯುತ್ತಿದ್ದರೆ ಗಳಿಕೆಗೆ ತಕ್ಕಂತೆ ಹಂಚುತ್ತಾರೆ. ತಂದೆಗೆ 60,000, ತಾಯಿಗೆ 30,000 ಬರುತ್ತಿದ್ದು, ಮಗುವಿಗೆ ತಿಂಗಳಿಗೆ 18,000 ಬೇಕಾದರೆ ತಂದೆ 12,000, ತಾಯಿ 6,000.

125ರ ಅಡಿ ಮಕ್ಕಳಿಗೆ 18 ವರ್ಷದವರೆಗೆ. ದೈಹಿಕ ಅಥವಾ ಮಾನಸಿಕ ತೊಂದರೆಯಿಂದ ದುಡಿಯಲಾಗದ ಮಕ್ಕಳಿಗೆ ಆಮೇಲೂ ಉಂಟು. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, 1956ರಲ್ಲಿ ಇನ್ನೊಂದು ದೊಡ್ಡ ಆಸರೆ ಇದೆ: ತನ್ನನ್ನು ತಾನು ನೋಡಿಕೊಳ್ಳಲಾಗದ ಮಗಳಿಗೆ ಮದುವೆಯಾಗುವವರೆಗೂ ತಂದೆ-ತಾಯಿ ಕೊಡಬೇಕು. ಪಿಯುಸಿ ಮುಗಿಯುವಾಗಲೇ ದುಡ್ಡು ನಿಂತುಹೋಯಿತು ಅಂತ ಓದು ಬಿಡುವ ಹೆಣ್ಣುಮಕ್ಕಳು ಇದನ್ನು ತಿಳಿದುಕೊಳ್ಳಬೇಕು.

ಇನ್ನೊಂದು ಮಾತು. "ಮಗುವನ್ನು ನೋಡೋಕೆ ಬಿಡಲ್ಲ, ನಾನ್ಯಾಕೆ ದುಡ್ಡು ಕೊಡಲಿ?" "ದುಡ್ಡು ಕೊಡಲ್ಲ, ನಾನ್ಯಾಕೆ ಮಗು ತೋರಿಸಲಿ?" ಈ ಎರಡೂ ವಾದ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಭೇಟಿಗೆ ಬೇರೆ ಅರ್ಜಿ, ಖರ್ಚಿಗೆ ಬೇರೆ ಅರ್ಜಿ. ಅಪ್ಪನನ್ನು ನೋಡುವುದೂ ಹೊಟ್ಟೆ ತುಂಬಾ ಉಣ್ಣುವುದೂ ಎರಡೂ ಮಗುವಿನ ಹಕ್ಕೇ ಅಲ್ವಾ?

ಇಡಿಗಂಟೋ, ತಿಂಗಳ ದುಡ್ಡೋ

ಡೈವೋರ್ಸ್ ಕೊಡುವಾಗ ಶಾಶ್ವತ ಜೀವನಾಂಶವನ್ನು ಒಂದೇ ಸಲ ಇಡಿಗಂಟಾಗಿ ಕೊಡಿಸಬಹುದು, ತಿಂಗಳು ತಿಂಗಳು ಕೊಡಿಸಬಹುದು. ಇಲ್ಲಿ ಮದುವೆ ಎಷ್ಟು ವರ್ಷದ್ದು ಅನ್ನುವುದು ತೂಗುತ್ತದೆ. ಎರಡು ವರ್ಷದ ಮದುವೆಗೆ ಬದುಕಿಡೀ ಜೀವನಾಂಶ ಕೊಡಿಸುವುದು ಸರಿಯಾಗದು. ಇಪ್ಪತ್ತು ವರ್ಷ ಸಂಸಾರ ಮಾಡಿ ಐವತ್ತರಲ್ಲಿ ಹೊರಬಂದವಳ ಕಥೆ ಬೇರೆ. 2024ರ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟ್ ಒಂದು ಕೇಸಿನಲ್ಲಿ ಹೆಂಡತಿಗೆ 5 ಕೋಟಿ, ಮಗನಿಗೆ 1 ಕೋಟಿ ಕೊಡಿಸಿತು. ಅದೇ ತಿಂಗಳು ಇನ್ನೊಂದು ಕೇಸಿನಲ್ಲಿ, ಗಂಡನ ಇಂದಿನ ಸಿರಿವಂತಿಕೆಗೆ ಸಮವಾಗಿ ಹಂಚಿಕೊಡುವುದು ಜೀವನಾಂಶದ ಉದ್ದೇಶವಲ್ಲ ಎಂದೂ ಹೇಳಿತು.

ತಿಂಗಳ ದುಡ್ಡಾದರೆ ಬೆಲೆ ಏರಿಕೆಯನ್ನು ಮೊದಲೇ ಸೇರಿಸಿ ಕೇಳಿ. 2025ರ ಮೇ ತಿಂಗಳ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ತಿಂಗಳಿಗೆ 50,000 ಕೊಡಿಸಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಸಬೇಕು ಎಂದಿತು. ಆದೇಶದಲ್ಲಿ ಅದು ಇಲ್ಲದಿದ್ದರೆ ಪ್ರತಿ ಸಲ ಹೊಸ ಅರ್ಜಿ ಹಾಕಬೇಕು. ಪರಿಸ್ಥಿತಿ ಬದಲಾದರೆ ಮೊತ್ತ ಏರಿಸಿ ಅಂತ ಅವಳೂ, ಇಳಿಸಿ ಅಂತ ಅವನೂ ಕೇಳಬಹುದು. ಅವಳು ಮರುಮದುವೆಯಾದರೆ ಅವಳ ಜೀವನಾಂಶ ನಿಲ್ಲುತ್ತದೆ. ಮಗುವಿನದ್ದು ಅದರ ಜೊತೆ ನಿಲ್ಲುವುದಿಲ್ಲ.

ಯಾವಾಗಿನಿಂದ ಲೆಕ್ಕ? ಅರ್ಜಿ ಹಾಕಿದ ದಿನದಿಂದ. ಆದೇಶ ಬಂದ ದಿನದಿಂದ ಅಲ್ಲ. ಇದೂ 2020ರ ತೀರ್ಪಿನ ಕೊಡುಗೆ. ಕೇಸು ಎರಡು ವರ್ಷ ಎಳೆದರೆ ಆ ಎರಡು ವರ್ಷದ ಬಾಕಿಯೂ ಬರಬೇಕು. ಮಧ್ಯಂತರ ಅರ್ಜಿಯನ್ನು ಅಫಿಡವಿಟ್ ಬಂದ ನಾಲ್ಕರಿಂದ ಆರು ತಿಂಗಳಲ್ಲಿ ಮುಗಿಸಿ ಎಂದೂ ಅದು ಹೇಳಿದೆ. ಬೆಂಗಳೂರಿನ ಸಿದ್ದಯ್ಯ ರಸ್ತೆಯಲ್ಲಿ ಫ್ಯಾಮಿಲಿ ಕೋರ್ಟ್ ಇರುವ ನ್ಯಾಯ ದೇಗುಲದ ಮೆಟ್ಟಿಲು ಹತ್ತಿದವರಿಗೆ ಅಲ್ಲಿನ ಜನಸಂದಣಿ ಗೊತ್ತು. ಆದರೂ ಆ ಗಡುವನ್ನು ವಕೀಲರಿಂದ ಕೋರ್ಟಿಗೆ ನೆನಪಿಸಿ. ನೆನಪಿಸಿದ್ದರಿಂದಲೇ ನಮ್ಮ ಅರ್ಜಿ ಮುಂದಕ್ಕೆ ಸರಿಯಿತು.

ಆದೇಶ ಕೈಗೆ ಬಂದ ಮೇಲೆ

ಆದೇಶ ಬಂದರೆ ದುಡ್ಡು ಬಂದಂತೆ ಅಲ್ಲ. ಕೊಡದಿದ್ದರೆ ವಸೂಲಿ ಅರ್ಜಿ ಹಾಕಬೇಕು. ಕೋರ್ಟ್ ವಾರಂಟ್ ಹೊರಡಿಸಬಹುದು, ಆಸ್ತಿ ಜಫ್ತಿ ಮಾಡಿಸಬಹುದು. ಆಮೇಲೂ ಕೊಡದಿದ್ದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋಗಿ ಬಂದರೆ ಬಾಕಿ ತೀರಿತು ಅಂತ ತುಂಬಾ ಜನ ತಿಳಿದಿದ್ದಾರೆ. ತೀರುವುದಿಲ್ಲ. ದುಡ್ಡು ಕೊಟ್ಟಾಗಲೇ ಬಾಕಿ ತೀರುವುದು.

125ರ ಆದೇಶದಲ್ಲಿ ಒಂದು ಗಡುವಿದೆ, ಇದು ತಪ್ಪಿದರೆ ಕಷ್ಟ. ಒಂದು ತಿಂಗಳ ದುಡ್ಡು ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕಿರಬೇಕು. "ಕೊಡ್ತಾನೆ, ಕೊಡ್ತಾನೆ" ಅಂತ ಕಾಯುತ್ತ ಕೂತರೆ ಹಳೆಯ ತಿಂಗಳುಗಳು ಒಂದೊಂದಾಗಿ ಆ ವಾರಂಟಿನ ಕೈತಪ್ಪಿ ಹೋಗುತ್ತವೆ.

ನಮ್ಮ ಹುಡುಗಿಯ ಅಡುಗೆಮನೆಯ ಗೋಡೆಯಲ್ಲಿ ಪಂಚಾಂಗದ ಕ್ಯಾಲೆಂಡರ್ ಇದೆ. ಹತ್ತನೇ ತಾರೀಖಿನ ಚೌಕದಲ್ಲಿ, ದುಡ್ಡು ಬಂದ ತಿಂಗಳು ಕೆಂಪು ಪೆನ್ನಿನಲ್ಲಿ ಒಂದು ಟಿಕ್ ಹಾಕುತ್ತಾಳೆ. ಎರಡು ಚೌಕ ಖಾಲಿ ಬಿದ್ದರೆ ಮೂರನೆಯದಕ್ಕೆ ಕಾಯುವುದಿಲ್ಲ, ವಕೀಲರಿಗೆ ಫೋನ್ ಮಾಡುತ್ತಾಳೆ. ಬಿಸ್ಕತ್ ಡಬ್ಬಿ ಈಗಲೂ ಫ್ರಿಜ್ಜಿನ ಮೇಲೆಯೇ ಇದೆ. ಮಗ ಏಳನೇ ಕ್ಲಾಸಿಗೆ ಬಂದ, ವ್ಯಾನಿನ ದುಡ್ಡು 2,800 ಆಗಿದೆ. ಮೊತ್ತ ಏರಿಸಲು ಅರ್ಜಿ ಹಾಕಬೇಕಾದಾಗ ಆ ರಸೀದಿ ಬೇಕು.